ತಪ್ಪಿಲ್ಲದ ಆಟ

ಬುದ್ಧಿಬಲದಲ್ಲಿ, ಎಂದರೆ ಚದುರಂಗದಲ್ಲಿ, ಒಂದೂ ತಪ್ಪಿಲ್ಲದ ಆಟ ಎಂಬುದು ಇದೆ ಎಂದು ಮುದ್ದೇಬಿಹಾಳದ ಮಾಸ್ತರರು ನಂಬಿದ್ದಾರೆ. ತಮ್ಮ ಆಯುಷ್ಯದಲ್ಲಿ ಅಂಥದ್ದನ್ನು ಅವರು ಒಂದೇ ಸಲ ನೋಡಿದ್ದಾರಂತೆ. ಅದನ್ನು ಅವರ ಎದುರೇ ಆಡಿ ಗೆದ್ದವರು ಇಂಡಿ ಊರಿನ ವಕೀಲರು. ಆ ವಕೀಲರು ನನ್ನ ತಂದೆ. ಆಟ ಮಾತ್ರ ನನ್ನದು. ಅದರಲ್ಲಿ ತಪ್ಪೂ ಇತ್ತು. ಇದನ್ನು ನಾನು ಒಂದೇ ಸಲ, ಅದೂ ಅರ್ಧ ಮಾತ್ರ, ಬಾಯಿಬಿಟ್ಟು ಹೇಳಿದ್ದೇನೆ.

ಅಪ್ಪ, ಸಿಂದಗಿಯ ಅರಳೆ ವ್ಯಾಪಾರಿ, ಬಾಗೇವಾಡಿಯ ಡಾಕ್ಟರು ಮತ್ತು ಮುದ್ದೇಬಿಹಾಳದ ಮಾಸ್ತರರು ವಿಜಾಪುರದ ಒಂದೇ ಬೋರ್ಡಿಂಗಿನಲ್ಲಿ ಇದ್ದು ಓದಿದವರು. ಬುದ್ಧಿಬಲದ ಹುಚ್ಚು ನಾಲ್ವರಿಗೂ ಅಲ್ಲಿಯೇ ಹತ್ತಿತು. ಮುಂದೆ ನಾಲ್ಕು ಊರಿಗೆ ಚದುರಿದರೂ ಆಟ ಬಿಡಲಿಲ್ಲ; ಕಾರ್ಡಿನ ಮೇಲೆ ಆಡತೊಡಗಿದರು. ಮಣೆಯ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಸಂಖ್ಯೆ ಕೊಟ್ಟಿದ್ದರು. ‘ಒಂಟೆ ನಲವತ್ತೆರಡಕ್ಕೆ’ ಎಂದು ಬರೆದು ಅದರ ಕೆಳಗೆ ‘ಇಲ್ಲಿ ಎಲ್ಲರೂ ಕ್ಷೇಮ, ಜೋಳ ಚೆನ್ನಾಗಿ ಎದ್ದಿದೆ’ ಎಂದು ಸೇರಿಸಿ ಅಂಚೆಗೆ ಹಾಕುವುದು. ಉತ್ತರ ಬರಲು ವಾರವಾದರೂ ಬೇಕು. ಒಂದು ಆಟಕ್ಕೆ ವರ್ಷ ಸಾಲುತ್ತಿರಲಿಲ್ಲ. ಕಾರ್ಡು ತೆರೆದ ಪತ್ರವಾದ್ದರಿಂದ ನಮ್ಮ ಪೋಸ್ಟಮನ್ನನಿಗೆ ಎಲ್ಲ ಆಟಗಳ ಸ್ಥಿತಿಯೂ ಗೊತ್ತಿರುತ್ತಿತ್ತು. ಅಂಗಳದಿಂದಲೇ, ‘ವಕೀಲ್ರ, ಈ ಸಲ ನಿಮ್ಮ ವಜೀರನ ಮ್ಯಾಲ ಬಂದಾರ ನೋಡ್ರಿ’ ಎಂದು ಹೇಳಿ ಕಾರ್ಡು ಕೊಡುತ್ತಿದ್ದ.

ಅವರು ಆಡುತ್ತಿದ್ದದ್ದು ನಮ್ಮ ಕಡೆಯ ಹಳೆಯ ಪದ್ಧತಿಯ ಆಟ. ಅದರಲ್ಲಿ ಎರಡು ಸಂಗತಿಗಳನ್ನು ಹೇಳಿದರೆ ಸಾಕು. ಸೋಲುವವನ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಅದು ಗೆಲುವಲ್ಲ, ಬುರ್ಜು. ಎಂದರೆ ಆಟ ಸಮ. ಆದ್ದರಿಂದ ಎದುರಾಳಿಯ ಕೊನೆಯ ಕಾಯಿಯನ್ನು ಗೆಲ್ಲುವವನೇ ಜೋಪಾನ ಮಾಡಬೇಕು. ಎರಡನೆಯದು, ವಜೀರನಿಂದಲೋ ಆನೆಯಿಂದಲೋ ರಾಜನನ್ನು ಕಟ್ಟಿದರೆ ಅದು ಬರಿಯ ಗೆಲುವು. ಎಲ್ಲರಿಗಿಂತ ಸಣ್ಣವನಾದ ಪ್ಯಾದೆಯಿಂದ ಕಟ್ಟಿದರೆ ಪ್ಯಾದೆಮಾತು. ಪ್ಯಾದೆಮಾತು ಮಾಡಿದವನ ಹೆಸರನ್ನು ಇವರು ಹತ್ತು ವರ್ಷ ಹೇಳುತ್ತಿದ್ದರು. ಅಪ್ಪನಿಗೆ ಅದು ಒಮ್ಮೆಯೂ ಆಗಿರಲಿಲ್ಲ.

ನಾನು ವಿಜಾಪುರದಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ ಇಂಡಿಗೆ ಮರಳಿದ ವರ್ಷ ಅಪ್ಪನ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದಿತ್ತು. ಅದು ಹಣ್ಣಾಗುವ ತನಕ ತೆಗೆಯಲು ಬರುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರು ಹೇಳಿ ಕಳಿಸಿದ್ದರು. ಕೋರ್ಟಿನ ಕಾಗದಗಳನ್ನು ಕಾರಕೂನ ಓದುತ್ತಿದ್ದ. ಕಾರ್ಡು ಓದುವ ಮತ್ತು ಬರೆಯುವ ಕೆಲಸ ನನಗೆ ಬಂತು. ಕಣ್ಣಿನ ವಿಷಯವನ್ನು ಗೆಳೆಯರಿಗೆ ತಿಳಿಸಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ನನ್ನ ಅಕ್ಷರವೂ ಅಪ್ಪನ ಅಕ್ಷರದಂತೆಯೇ ಇತ್ತು. ನಾನು ತಿದ್ದಿ ಕಲಿತದ್ದೇ ಅದನ್ನು.

ನನಗೆ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಬೇಕಾಗಿತ್ತು. ಬೇರೆ ಏನೂ ಬೇಕಾಗಿರಲಿಲ್ಲ. ಇದನ್ನು ಎರಡು ಸಲ ಕೇಳಿದೆ. ಎರಡನೆಯ ಸಲ ಅಪ್ಪ ಕೈಯಲ್ಲಿದ್ದ ಕುದುರೆಯನ್ನು ಸವರುತ್ತ, ‘ಮಾಸ್ತರ ಜೋಡಿ ಈ ಆಟ ಒಂದು ಮುಗೀಲಿ. ಆಮ್ಯಾಲ ಧಾರವಾಡದ್ದು ನೋಡೋಣಂತ’ ಎಂದರು. ನಾನು ಅದನ್ನು ಮಾತು ಕೊಟ್ಟಂತೆ ಎಂದು ತಿಳಿದೆ.

ಅಪ್ಪ ಮಣೆಯನ್ನು ಬೆರಳಿನಿಂದ ನೋಡುತ್ತಿದ್ದರು. ಕಾಯಿಯನ್ನು ಮುಟ್ಟಿದರೆ ಯಾವುದೆಂದು ತಿಳಿಯುತ್ತಿತ್ತು; ಯಾವ ಮನೆಯಲ್ಲಿದೆ ಎಂಬುದು ತಪ್ಪುತ್ತಿತ್ತು. ಮೂರನೆಯ ತಿಂಗಳಲ್ಲಿ ಒಂದು ದಿನ ಅವರು ಹೇಳಿದ ಮನೆಗೆ ಕುದುರೆ ಹೋದರೆ ಮಾಸ್ತರರ ಪ್ಯಾದೆಯ ಬಾಯಿಗೆ ಬೀಳುತ್ತಿತ್ತು. ಹಾಗೆಂದು ಹೇಳಿದೆ. ಅಲ್ಲಿ ಪ್ಯಾದೆಯೇ ಇಲ್ಲ, ಹೇಳಿದಷ್ಟು ಬರಿ ಎಂದರು. ನಾನು ಕುದುರೆಯನ್ನು ಇದ್ದಲ್ಲಿಯೇ ಬಿಟ್ಟು ಒಂಟೆಯ ನಡೆಯೊಂದನ್ನು ಬರೆದೆ. ಬರೆದಾದ ಮೇಲೆ ಅಪ್ಪ ಎಂದಿನಂತೆ, ‘ಓದು’ ಎಂದರು. ಸುಳ್ಳು ಓದಬಹುದಿತ್ತು. ಬರೆದದ್ದನ್ನೇ ಓದಿದೆ.

ಅಪ್ಪನ ಬೆರಳುಗಳು ಒಂಟೆಯ ಮೇಲೆ ಹೋದವು, ಅಲ್ಲಿಂದ ಓರೆಯಾಗಿ ಮೂರು ಮನೆ ಸರಿದವು, ಮಾಸ್ತರರ ಆನೆಯ ಹತ್ತಿರ ನಿಂತವು.

‘ಹೂಂ. ಹಾಕು,’ ಎಂದರು.

ಅವತ್ತಿನಿಂದ ನಮ್ಮಿಬ್ಬರ ನಡುವೆ ಹೊಸ ರೂಢಿ ಬಿತ್ತು. ಅಪ್ಪ ಒಂದು ನಡೆ ಹೇಳುವರು. ನಾನು ಬೇಕಾದರೆ ಅದನ್ನು, ಬೇಡವಾದರೆ ಬೇರೆಯದನ್ನು ಬರೆಯುವೆ. ಅವರು ಓದಿಸಿಕೊಂಡು ‘ಹೂಂ’ ಎನ್ನುವರು. ಕ್ರಮೇಣ ಹೇಳುವುದೂ ನಿಂತಿತು. ಬರಿಯ ‘ಓದು’ ಮತ್ತು ‘ಹೂಂ’ ಉಳಿದವು. ‘ಇದು ನಿನ್ನ ನಡೆ’ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೆ ಆಗ ಅದರ ಅಗತ್ಯ ಕಂಡಿರಲಿಲ್ಲ. ಹೊಲಿಗೆಯಲ್ಲಿ ತಪ್ಪಿದ ಎಳೆಯನ್ನು ಬಿಚ್ಚಿ ಹಾಕಿದಷ್ಟೇ ಸಹಜವಾಗಿ ಮಾಡುತ್ತಿದ್ದೆ. ಸಂತೋಷವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಮ್ಮೆ ಅಪ್ಪನೊಂದಿಗೆ ವಾದವೂ ಆಯಿತು. ಇಬ್ಬರೂ ತಪ್ಪು ಮಾಡದಿದ್ದರೆ ಬುದ್ಧಿಬಲ ಪ್ರತಿ ಸಲವೂ ಒಂದೇ ರೀತಿ ಮುಗಿಯಬೇಕು, ಬಹುಶಃ ಸಮವಾಗಿ. ಯಾರೋ ಗೆದ್ದಿದ್ದಾರೆಂದರೆ ಯಾರೋ ತಪ್ಪಿದ್ದಾರೆ ಎಂದೇ ಅರ್ಥ. ಆದ್ದರಿಂದ ಗೆದ್ದ ಆಟ ನಿರ್ದೋಷವಾಗಿರಲು ಸಾಧ್ಯವಿಲ್ಲ ಎಂದೆ. ಅಪ್ಪ ನಕ್ಕರು. ಗಣಿತದವರಿಗೆ ಸಮ ಎಂದರೆ ಚಂದ, ಕೋರ್ಟಿನಲ್ಲಿ ಹಾಗಲ್ಲ ಎಂದರು. ಎದುರಿನವನು ನೂರು ತಪ್ಪಲಿ, ಗೆದ್ದವನು ತಪ್ಪದಿದ್ದರೆ ಸಾಕು. ಅದೂ ಪ್ಯಾದೆಮಾತಾದರೆ ಅದರ ಮೇಲೆ ಅಪೀಲೇ ಇಲ್ಲ.

ಯುಗಾದಿಯ ಹೊತ್ತಿಗೆ ಮಾಸ್ತರರಿಗೆ ರಾಜನೂ ಒಂದು ಆನೆಯೂ ಉಳಿದಿದ್ದವು. ನನ್ನ ಬಳಿ ವಜೀರ, ಕುದುರೆ, ಎರಡು ಪ್ಯಾದೆ. ವಜೀರನಿಂದ ಎರಡೇ ನಡೆಗೆ ಮುಗಿಯುತ್ತಿತ್ತು. ಧಾರವಾಡದ ಅರ್ಜಿಗೆ ಇನ್ನೂ ಸಮಯವಿತ್ತು. ಅದನ್ನೇ ಬರೆದು ಓದಿದೆ. ಆ ಒಂದು ಸಲ ಅಪ್ಪ ‘ಹೂಂ’ ಎನ್ನಲಿಲ್ಲ. ಮಣೆಯ ಮೇಲೆ ಕೈಯಾಡಿಸಿ ನನ್ನ ಪ್ಯಾದೆಯನ್ನು ಹುಡುಕಿ ಅದರ ತಲೆಯ ಮೇಲೆ ಬೆರಳಿಟ್ಟರು. ನಾನು ಆ ಕಾರ್ಡು ಹರಿದು ಬೇರೆ ಬರೆದೆ. ಪ್ಯಾದೆಯಿಂದ ಮುಗಿಸಲು ಐದು ನಡೆ ಬೇಕಾಗಿತ್ತು. ಎಂದರೆ ಒಂದೂವರೆ ತಿಂಗಳು.

ಕಾರ್ಡು ಹಾಕಿದ ಮರುದಿನ ಕುಸುಬಿ ಎಣ್ಣೆಯ ಡಬ್ಬಿ ತೊಳೆಯುತ್ತ ನಿಂತಾಗ ನನ್ನ ತಪ್ಪು ನನಗೆ ಕಂಡಿತು. ಮಾಸ್ತರರು ತಮ್ಮ ಆನೆಯನ್ನು ತಂದು ನನ್ನ ರಾಜನ ಮಗ್ಗುಲಿಗೆ ನಿಲ್ಲಿಸಿ ಶಹ ಕೊಟ್ಟರೆ ನಾನು ಅದನ್ನು ಹೊಡೆಯಲೇಬೇಕು, ಬೇರೆ ದಾರಿಯಿಲ್ಲ. ಹೊಡೆದರೆ ಅವರ ರಾಜ ಒಬ್ಬನೇ ಉಳಿಯುತ್ತಾನೆ. ಬುರ್ಜು. ಒಂದು ವರ್ಷದ ಆಟ ಸಮವಾಗುತ್ತದೆ. ಪ್ಯಾದೆಮಾತಿನ ಆಸೆಗೆ ಬಿದ್ದಿರದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಒಂಬತ್ತು ದಿನ ನಾನು ಪೋಸ್ಟಮನ್ನನ ಸೈಕಲ್ಲಿನ ಸದ್ದಿಗೆ ಕಾದೆ. ಅಪ್ಪನಿಗೆ ಹೇಳಲಿಲ್ಲ. ಕಾರ್ಡು ಬಂತು: ‘ರಾಜ ಹದಿನೈದಕ್ಕೆ. ಇಲ್ಲಿ ಸೆಕೆ ಬಹಳ.’ ಮಾಸ್ತರರು ನೋಡಿರಲಿಲ್ಲ.

ಪ್ಯಾದೆಮಾತು ಆಯಿತು. ಮಾಸ್ತರರು ಕಾರ್ಡು ಸಾಲದೆ ಲಕೋಟೆಯಲ್ಲಿ ಪತ್ರ ಬರೆದರು. ಮೊದಲ ನಡೆಯಿಂದ ಕೊನೆಯದರ ತನಕ ಹುಡುಕಿದೆ, ನಿಮ್ಮ ಕಡೆ ಒಂದೂ ತಪ್ಪಿಲ್ಲ, ಇಂಥ ಆಟಕ್ಕೆ ಸೋತದ್ದೂ ಒಂದು ಮಾನ ಎಂದಿತ್ತು. ಗೆಳೆಯರು ಮೂವರೂ ಒಂದು ಭಾನುವಾರ ಇಂಡಿಗೆ ಬರುವುದೆಂದಾಯಿತು. ಹಿಂದಿನ ದಿನ ನಾನು ಅಪ್ಪನ ಹತ್ತಿರ ಹೋಗಿ ಎರಡು ಮಾತು ಕೇಳಿದೆ. ಆಟ ಯಾರದೆಂದು ಮಾಸ್ತರ ಕಾಕಾನಿಗೆ ಹೇಳಬೇಕು. ಆಮೇಲೆ ಧಾರವಾಡದ ಮಾತು ಎತ್ತಬೇಕು. ಅವರ ಗುರುತಿನವರು ಅಲ್ಲಿದ್ದಾರೆ. ಅಪ್ಪ, ‘ಆತು, ಬರಲಿ ಅವರು’ ಎಂದರು.

ಬಂದರು. ಹೋಳಿಗೆ ಊಟವಾಯಿತು. ಅಪ್ಪ ಕಣ್ಣಿನ ವಿಷಯವನ್ನು ಹೇಗೋ ಸಂಭಾಳಿಸಿದರು. ಬಿಸಿಲಿಗೆ ಕಣ್ಣು ಉರಿಯುತ್ತವೆ ಎಂದು ಪಡಸಾಲೆಯ ಕಿಟಕಿ ಮುಚ್ಚಿಸಿದ್ದರು. ಮಾಸ್ತರರು ಆಟವನ್ನೆಲ್ಲ ಒಂದು ಹಾಳೆಯ ಮೇಲೆ ದುಂಡಗೆ ಬರೆದು ತಂದಿದ್ದರು. ಒಂದೊಂದೇ ನಡೆಯನ್ನು ಮಣೆಯ ಮೇಲೆ ನಡೆಸುತ್ತ ಹೋದರು. ಆ ಒಂಟೆಯ ನಡೆ ಬಂದಾಗ ಅದು ಹೇಗೆ ಹೊಳೆಯಿತು ಎಂದು ಅಪ್ಪನನ್ನು ಕೇಳಿದರು. ಅಪ್ಪ ವಿವರಿಸಿದರು. ನಾನು ಚಹದ ಬಟ್ಟಲುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಕೊಟ್ಟ ಕಾರಣ ತಪ್ಪು. ನಾನು ಒಂಟೆಯನ್ನು ನಡೆಸಿದ್ದು ಅದಕ್ಕಲ್ಲ. ಮೂವರೂ ತಲೆದೂಗಿದರು.

ಆಟ ಮುಗಿದ ಮೇಲೆ ಮಾಸ್ತರರು ಹಾಳೆಯನ್ನು ಮಡಚಿ, ‘ತಪ್ಪಿಲ್ಲದ ಆಟ ಅಂದ್ರ ಇದ ನೋಡ್ರಿ. ಕೊರತಿ ತಗೀಬೇಕಂದ್ರ ದೇವರ ಇಳದು ಬರಬೇಕು’ ಎಂದರು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಡಕೆ ಕತ್ತರಿಸುತ್ತಿದ್ದರು. ಅವರು ಅಡಕೆಯನ್ನು ಬಾಗೇವಾಡಿಯ ಡಾಕ್ಟರರಿಗೆ ಕೊಟ್ಟು ಇನ್ನೊಂದನ್ನು ತೆಗೆದುಕೊಂಡರು.

‘ತಪ್ಪೈತ್ರಿ, ಕಾಕಾ,’ ಎಂದೆ. ‘ಆ ಪ್ಯಾದಿ ಮುಂದ ಇಟ್ಟಾಗ ನೀವು ಆನಿ ತಂದು ಶಹ ಕೊಟ್ಟಿದ್ರ ಹೊಡೀಬೇಕಾಗತಿತ್ತು. ಬುರ್ಜ ಆಗತಿತ್ತು.’

ಮಾಸ್ತರರು ಹಾಳೆ ಬಿಚ್ಚಿ ಕಾಯಿಗಳನ್ನು ಹಿಂದಕ್ಕೆ ತಂದು ಇಟ್ಟರು. ಆನೆಯನ್ನು ಎತ್ತಿದರು. ಇಟ್ಟರು. ಅವರ ಕಿವಿ ಕೆಂಪಾಯಿತು. ಸಿಂದಗಿಯ ವ್ಯಾಪಾರಿ ಅಪ್ಪನ ಕಡೆ ತಿರುಗಿ, ‘ವಕೀಲ್ರ, ನಿಮ್ಮ ಮಗಳು ಯಾರ ಕಡಿ ವಕೀಲಿ ಮಾಡಾಕತ್ತಾಳ? ಗೆದ್ದ ಕೇಸ ಕೆಡಸಾಕತ್ತಾಳಲ್ರಿ’ ಎಂದು ನಕ್ಕರು. ಡಾಕ್ಟರು, ಹೆಣ್ಣುಮಕ್ಕಳಿಗೆ ಅಕ್ಕಿಯೊಳಗಿನ ಹರಳು ಬೇಗ ಕಾಣುತ್ತದೆ ಎಂದರು.

ಆಗ ಅಪ್ಪ ಮಾತಾಡಿದರು, ಕೋರ್ಟಿನಲ್ಲಿ ಮಾತಾಡುವ ಧಾಟಿಯಲ್ಲಿ.

‘ಅದು ನನಗ ಗೊತ್ತಿತ್ತು. ಗೊತ್ತಿದ್ದ ನಡದೆ. ಕೈಯಾಗಿನ ಆನಿ ಕೊಟ್ಟು ಬುರ್ಜ ಬೇಡೂ ಆಸಾಮಿ ಅಲ್ಲ ನಮ್ಮ ಮಾಸ್ತರ. ಎದರ ಯಾರ ಅದಾರ ಅನ್ನೂದ ನೋಡಿ ಆಡಬೇಕಲ್ರಿ.’

ಮಾಸ್ತರರ ಮುಖ ಮೊದಲು ಸಡಿಲವಾಯಿತು, ಆಮೇಲೆ ಅರಳಿತು. ತಾವು ನೋಡಿರಲಿಲ್ಲ ಎಂಬುದು ಅವರಿಗೂ ಗೊತ್ತು, ಅಪ್ಪನಿಗೂ ಗೊತ್ತು, ನನಗೂ ಗೊತ್ತು. ‘ಹೌದ್ರಿ, ಅದು ಮಾನವಂತರ ಆಟ ಅಲ್ಲ’ ಎಂದರು. ಆಟ ಮೊದಲಿಗಿಂತ ದೊಡ್ಡದಾಯಿತು. ಹೋಗುವಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಹುಡುಗಿ ಸೂಕ್ಷ್ಮವಾಗಿ ನೋಡುತ್ತಾಳೆ, ಆದರೆ ಹಿರಿಯರ ನಡುವೆ ಬಾಯಿ ಹಾಕುವುದನ್ನು ಬಿಡಬೇಕು ಎಂದು ಅಪ್ಪನಿಗೆ ಹೇಳಿದರು. ಧಾರವಾಡದ ಮಾತು ಬರಲಿಲ್ಲ. ಅಪ್ಪ ನನ್ನೊಂದಿಗೆ ಹದಿನೈದು ದಿನ ಮಾತಾಡಲಿಲ್ಲ. ಅಷ್ಟರಲ್ಲಿ ಅರ್ಜಿಯ ದಿನ ದಾಟಿತು.

ಚಳಿಗಾಲದಲ್ಲಿ ಸೊಲ್ಲಾಪುರದಲ್ಲಿ ಅಪ್ಪನ ಕಣ್ಣಿನ ಆಪರೇಶನ್ ಆಯಿತು. ದಪ್ಪ ಗಾಜಿನ ಚಾಳೀಸು ಬಂತು. ಮಾಸ್ತರರೊಂದಿಗೆ ಹೊಸ ಆಟ ಶುರುವಾಯಿತು, ಕಾರ್ಡು ಅವರೇ ಬರೆದರು. ನನ್ನನ್ನು ಕರೆಯಲಿಲ್ಲ. ನೀರಿನ ಕೊಡ ತರುವಾಗ, ಕಸ ಹೊಡೆಯುವಾಗ ಮಣೆ ಕಣ್ಣಿಗೆ ಬೀಳುತ್ತಿತ್ತು. ಎಂಟನೆಯ ನಡೆಯಲ್ಲಿ ಅಪ್ಪ ತಪ್ಪಿದರು, ಹತ್ತನೆಯದರಲ್ಲಿ ಒಂದು ಆನೆ ಹೋಯಿತು. ಗೆಳೆಯರ ಪತ್ರಗಳಲ್ಲಿ, ಆ ತಪ್ಪಿಲ್ಲದ ಆಟ ಆಡಿದ ಕೈಗೆ ಏನಾಯಿತು ಎಂಬ ಚೇಷ್ಟೆಯ ಮಾತು ಬರತೊಡಗಿತು. ಅವ್ವ ನನಗೆ, ಸುಮ್ಮನೆ ಅವರ ಹತ್ತಿರ ಒಂದಿಷ್ಟು ಹೊತ್ತು ಕುಳಿತುಕೋ ಎಂದಳು. ಅವಳಿಗೆ ಎಲ್ಲವೂ ಮೊದಲಿನಿಂದ ಗೊತ್ತಿತ್ತು ಎಂಬುದು ನನಗೆ ಆಗ ತಿಳಿಯಿತು.

ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅಪ್ಪ ಕರೆದರು. ಮಣೆ ಮುಂದಿತ್ತು. ನನ್ನ ಮುಖ ನೋಡದೆ, ‘ಧಾರವಾಡಕ್ಕ ಅರ್ಜಿ ಬರಿ. ಸಹಿ ಮಾಡ್ತೇನಿ’ ಎಂದರು. ಮಣೆಯನ್ನು ನನ್ನ ಕಡೆ ಸರಿಸಿ, ‘ಇದನ್ನೊಂದೀಟು ನೋಡು. ಏನ್ ನಡೀಬೇಕು ಅಂತ ತಿಳೀವಲ್ದು’ ಎಂದರು.

ನಾನು ಮಣೆ ನೋಡಿದೆ. ಆಟ ಸತ್ತಿರಲಿಲ್ಲ. ಕುದುರೆಯ ಒಂದು ನಡೆ ಇತ್ತು. ಅದರಿಂದ ಕನಿಷ್ಠ ಬುರ್ಜಿನವರೆಗೆ ಎಳೆಯಬಹುದಿತ್ತು. ಎರಡು ವರ್ಷದಿಂದ ನಾನು ಬೇಡುತ್ತಿದ್ದ ಸಹಿ ಆ ಕುದುರೆಯ ಪಕ್ಕದಲ್ಲಿಯೇ ಇತ್ತು.

‘ನನಗ ಈ ಆಟ ಬರಂಗಿಲ್ರಿ, ಅಪ್ಪಾ,’ ಎಂದೆ.

ಅವರು ಚಾಳೀಸು ತೆಗೆದು ಧೋತರದ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಸಹಿಯ ಮಾತು ಅಲ್ಲಿಗೇ ಮುಗಿಯಿತು.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಸಹಿ ಮಾಡಿಸಿಕೊಂಡ ಮ್ಯಾಲ ಅಂದಿದ್ರ ಏನ್ ಹೋಗತಿತ್ತು ನಿಂದು?’ ಎಂದು ಕೇಳಿದಳು. ನಾನು ಒಲೆಯ ಮೇಲಿನ ರೊಟ್ಟಿ ಹೊರಳಿಸಿದೆ. ಅಪ್ಪ ಆ ಆಟ ಸೋತರು. ಜೂನ್ ತಿಂಗಳಲ್ಲಿ ನಾನು ಬಾಗೇವಾಡಿಯ ಹೆಣ್ಣುಮಕ್ಕಳ ಸಾಲೆಗೆ ಗಣಿತ ಕಲಿಸಲು ಹೋದೆ. ಎಂಟನೆಯ ಇಯತ್ತೆಗೆ ಅಪೂರ್ಣಾಂಕಗಳಿಂದ ಶುರುಮಾಡಿದೆ.