ಅರ್ಧ ತಾಸು

ನನ್ನ ತಮ್ಮನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವನನ್ನು ಪಾಪ ಎನ್ನುವವರನ್ನು ಕಂಡರಂತೂ ಇನ್ನೂ ಹೆಚ್ಚು. ಎರಡು ದಿನ ತಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಲಿ.

ಹುಟ್ಟಿನಿಂದಲೇ ಅವನಿಗೆ ತಡೆ ಎಂಬುದಿಲ್ಲ. ಬಿಸಿ ಹಾಲಿಗೆ ಬಾಯಿ ಹಾಕಿ ನಾಲಿಗೆ ಸುಟ್ಟುಕೊಳ್ಳುತ್ತಿದ್ದ, ಮರುದಿನ ಮತ್ತೆ ಅದೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವ್ವ ನಗುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ನೋವಿನ ಗುಳಿಗೆ ಶುರುವಾಯಿತು. ಸೊಂಟ ನೆಟ್ಟಗಾಯಿತು, ಗುಳಿಗೆ ಬಿಡಲಿಲ್ಲ. ಅವ್ವನ ನಗುವೂ ನಿಂತಿತು.

ಗೋಕಾಕದ ಡಾಕ್ಟರ್ ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಹೇಳಿದರು: “ಗುಳಿಗಿ ಬೇಕs ಬೇಕನ್ನೂ ತಲಬು ಕಾಯಂ ಇರೂದಿಲ್ಲರಿ. ಏರತೈತಿ, ಅರ್ಧಾ ತಾಸಿನ್ಯಾಗ ಇಳೀತೈತಿ. ಆದ್ರ ಇಂವಗ ದುಡುಕು ಭಾಳ, ತಲಬು ಬಂದ ಕೂಡ್ಲೆ ಕಾಲ ಓಡತಾವ. ಆವಾಗ ಬಾಜೂಕ ಯಾರರ ಕುಂದರ್ರಿ, ಸಾಕು.”

ಇಷ್ಟು ಕೇಳಲು ಇಷ್ಟು ದೂರ ಬರಬೇಕಿತ್ತೇ ಎಂದು ಗೊಣಗುತ್ತಲೇ ಮೂಡಲಗಿಗೆ ಮರಳಿದೆ.

ಎಂಟು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಸೀರೆಗೆಂದು ಟ್ರಂಕು ತೆಗೆದರೆ ಅಪ್ಪನ ಬೆಳ್ಳಿಯ ಕರಡಿಗೆ ಇಲ್ಲ. ಅಪ್ಪನನ್ನು ಮಣ್ಣು ಮಾಡುವಾಗ ಲಿಂಗ ಅವನ ಜೊತೆಗೇ ಹೋಯಿತು. ಅದನ್ನಿಡುತ್ತಿದ್ದ ಕರಡಿಗೆಯೊಂದೇ ನಮಗೆ ಉಳಿದದ್ದು. ಅದೇ ಹೊತ್ತಿಗೆ ತಮ್ಮ ಬಂದ. ಅಂಗಿಯೆಲ್ಲ ಬೆವರು.

“ಅಕ್ಕಾ, ತಲಬು ಬಂದೈತಿ. ಒಂದ್ ಅರ್ಧಾ ತಾಸ ನನ್ನ ಬಾಜೂಕ ಕುಂದ್ರ.”

“ಅಪ್ಪನ ಕರಡಿಗಿ ಎಲ್ಲೈತಿ?”

“ಮಾರೇನಿ. ಹೋದ ತಿಂಗಳ. ಎಲ್ಲಾ ಹೇಳತೇನಿ, ಮೊದಲ ಕುಂದ್ರ.”

“ನಿನ್ನ ಬಾಜೂಕ ನಾಯಿ ಸೈತ ಕುಂದ್ರೂದಿಲ್ಲ. ಹೋಗು, ಹಾಳಾಗಿ ಹೋಗು!”

ಹೋದ. ಚಪ್ಪಲಿಯನ್ನೂ ಮೆಟ್ಟಲಿಲ್ಲ. ಮಧ್ಯಾಹ್ನ ಬಸ್ ನಿಲ್ದಾಣದ ಹಿಂದೆ ಮಿತಿಮೀರಿ ಗುಳಿಗೆ ನುಂಗಿ ಎಚ್ಚರ ತಪ್ಪಿ ಬಿದ್ದಿದ್ದವನನ್ನು ನಾಲ್ಕು ಜನ ಹೊತ್ತು ತಂದರು.

ಬದುಕಿದ. ಈಗ ಹುಕ್ಕೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದಾನೆ. ತಲಬು ಬಂದಾಗ ಮಾವ ಏನೂ ಕೇಳುವುದಿಲ್ಲವಂತೆ, ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಾನಂತೆ.

ಕರಡಿಗೆಯ ಸಿಟ್ಟನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಆ ಬೆಳಿಗ್ಗೆ, ಹುಟ್ಟಿದ ಮೇಲೆ ಮೊದಲ ಸಲ, ಅವನು ತಡೆದುಕೊಂಡು ನನ್ನ ಬಳಿ ಬಂದಿದ್ದ. ತಡೆದುಕೊಳ್ಳಲಾಗದೆ ಬಾಯಿ ಬಿಟ್ಟವಳು ನಾನು.

ಮೊನ್ನೆ ಫೋನು ಮಾಡಿ, ನಾಲ್ಕು ದಿನ ನಾನು ಬಂದು ಇರಲೇ ಎಂದು ಕೇಳಿದೆ.

“ಬ್ಯಾಡ ಅಕ್ಕಾ,” ಎಂದ. “ಮಾವ ಅದಾನ.”