ಛತ್ರಿಯ ಮೇಲಿನ ಗುಮಾನಿ

ಹುಮನಾಬಾದಿಗೆ ಹತ್ತಿದ ಮಾಣಿಕನಗರದಲ್ಲಿ ನನ್ನ ಅಕ್ಕನ ಮನೆ. ಭಾವನದು ಅಲ್ಲೇ ತೆಂಗಿನಕಾಯಿ, ಊದುಬತ್ತಿಯ ಅಂಗಡಿ. ನಾನು ಬಸವಕಲ್ಯಾಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು. ಅವರ ಹಳೆಯ ಕಂಪ್ಯೂಟರಿಗೆ ಉಪಗ್ರಹ ಟಿವಿಯ ಕಾರ್ಡೊಂದನ್ನು ಕೂಡಿಸಿ, ಮಾಳಿಗೆಯ ಮೇಲಿನ ಡಿಶ್ ಛತ್ರಿಯಿಂದ ವೈರ್ ಎಳೆದು, ಭಾವ ಬೆಳಿಗ್ಗೆ ಕೇಳುವ ಭಜನೆಯ ಚಾನೆಲ್ ಬರುವಂತೆ ಮಾಡಿಕೊಟ್ಟಿದ್ದೆ.

ಆ ಚಾನೆಲ್‌ನ ಚಿತ್ರ ಇದ್ದಕ್ಕಿದ್ದಂತೆ ಚೂರುಚೂರಾಗಿ ಒಡೆಯತೊಡಗಿತು. ಉಳಿದ ದೊಡ್ಡ ಚಾನೆಲ್‌ಗಳೆಲ್ಲ ನೆಟ್ಟಗಿದ್ದವು. ಅದೇ ವಾರ ಪಕ್ಕದ ಮನೆಯ ಕುರಿ ಸಾಕುವವನು ತನ್ನ ಮಾಳಿಗೆಗೆ ಹೊಸ ತಗಡಿನ ಪತ್ರಾ ಹೊದಿಸಿದ್ದ. ಭಾವನಿಗೆ ಅಷ್ಟು ಸಾಕಾಯಿತು.

"ಅಂವಾ ಬೇಕಂತನ ಮಾಡ್ಯಾನ. ನಾ ಅಂಗಡಿಗಿ ಹೋದ ಮ್ಯಾಲ ಬಂದು ಛತ್ರಿ ತಿರುವ್ತಾನ," ಎಂದರು.

ಛತ್ರಿಯ ಬುಡಕ್ಕೆ ಸುಣ್ಣದ ಗೆರೆ ಎಳೆದಿಟ್ಟರು. ಗೆರೆ ಕದಲಲಿಲ್ಲ. ತಿರುಗಿಸಿ ಮತ್ತೆ ಗೆರೆಗೇ ತಂದು ನಿಲ್ಲಿಸುತ್ತಾನೆ, ಅಷ್ಟು ಹುಷಾರು ಮನುಷ್ಯ ಅವನು ಎಂಬುದು ಅವರ ವಾದ. ಹೊತ್ತಲ್ಲದ ಹೊತ್ತಿನಲ್ಲಿ ಮಾಳಿಗೆ ಹತ್ತಿ ಆಚೆ ಇಣುಕತೊಡಗಿದರು. ಅವರ ಕಾವಲಿನ ನಡುವೆ ಅಕ್ಕನಿಗೆ ಅಲ್ಲಿ ಬಟ್ಟೆ ಒಣಹಾಕುವುದೂ ಕಷ್ಟವಾಯಿತು.

ನಾನು ವೈರ್ ಬದಲಿಸಿದೆ, ಫಲವಿಲ್ಲ. ಪತ್ರಾ ಅಡ್ಡ ಬಂದಿದ್ದರೆ ಎಲ್ಲ ಚಾನೆಲ್ ಕೆಡಬೇಕಿತ್ತು. ನನ್ನ ಗುಮಾನಿ ಕಾರ್ಡನ್ನು ನಡೆಸುವ ಡ್ರೈವರ್ ಮೇಲೆ ತಿರುಗಿತು. ಅದು ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ತಂತ್ರಾಂಶ. ಬಸವಕಲ್ಯಾಣಕ್ಕೆ ಬಂದು ಓದುತ್ತ ಕೂತೆ. ಕಾರ್ಡಿನೊಳಗೊಂದು ಫಿಲ್ಟರ್ ಇರುತ್ತದೆ. ಚಾನೆಲ್‌ನ ಅಗಲದಷ್ಟೇ ಒಳಗೆ ಬಿಟ್ಟು ಅಕ್ಕಪಕ್ಕದ ಸಿಗ್ನಲ್ಲನ್ನು ಹೊರಗಿಡುವುದು ಅದರ ಕೆಲಸ. ಹರ್ಟ್ಸ್‌ನಲ್ಲಿ ಬಂದ ಅಗಲವನ್ನು ಡ್ರೈವರ್ ಕಿಲೋಹರ್ಟ್ಸ್ ಎಂದು ಲೆಕ್ಕ ಹಿಡಿದು ಸಾವಿರ ಪಟ್ಟು ಹಿಗ್ಗಿಸುತ್ತಿತ್ತು. ಹಾಗಾಗಿ ಎಂಥ ಕಿರಿದಾದ ಚಾನೆಲ್ ಹಾಕಿದರೂ ಫಿಲ್ಟರ್ ಪೂರ್ತಿ ಅಗಲವಾಗಿಯೇ ಇರುತ್ತಿತ್ತು. ಭಜನೆಯ ಚಾನೆಲ್ ಅಂಥ ಕಿರಿದಾದದ್ದು, ಅದರ ಬದಿಗೆ ಈಗ ಹೊಸದೊಂದು ಜೋರಾದ ಸಿಗ್ನಲ್ ಬಂದಿತ್ತು. ಅದು ಸಲೀಸಾಗಿ ಒಳನುಗ್ಗುತ್ತಿತ್ತು.

ಲೆಕ್ಕ ತಿದ್ದಿ, ಫಿಲ್ಟರಿನ ಅಂಚಿಗೆ ತುಸು ಜಾಗ ಬಿಟ್ಟು, ಭಾನುವಾರ ಮಾಣಿಕನಗರಕ್ಕೆ ಹೋದೆ. ಭಾವ ಪಕ್ಕದವನನ್ನೂ ಕರೆಸಿ ಎದುರಿಗೇ ಕೂರಿಸಿಕೊಂಡರು, ಅವನು ಮಾಳಿಗೆ ಹತ್ತದಿರಲಿ ಎಂದು. ಹೊಸ ಡ್ರೈವರ್ ಹಾಕಿದೆ, ಚಿತ್ರ ಒಡೆಯದೆ ನೆಟ್ಟಗೆ ನಿಂತಿತು. ಭಾವನ ಮುಖ ಸಡಿಲಾಗಲಿಲ್ಲ.

"ಇನ್ನೊಮ್ಮೆ ಕೆಡಸು, ನೋಡೋಣು."

ಹಳೆಯದು ಹಾಕಿದೆ, ಒಡೆಯಿತು. ಹೊಸದು ಹಾಕಿದೆ, ನಿಂತಿತು. ಪಕ್ಕದವನು ಕೂತಲ್ಲೇ ಇದ್ದ.

ಅಕ್ಕ ಚಹಾ ತಂದಾಗ ಅವನು ಮೆಲ್ಲಗೆ ಹೇಳಿದ: "ಸಾವ್ಕಾರ್ರ, ನೀವು ಮ್ಯಾಲ ನಿಂತು ನಮ್ಮ ಕುರಿ ಎಣಸಾಕತ್ತೀರಿ ಅಂತ ನಾ ತಿಳದಿದ್ದೆರಿ. ಅದಕ್ಕ ನಾನೂ ನಿಮ್ಮ ಮ್ಯಾಲ ಕಣ್ಣಿಟ್ಟಿದ್ದೆ."

ಭಾವ ಚಹಾದ ಬಟ್ಟಲನ್ನು ಅವನತ್ತ ಸರಿಸಿದರು.

ಆ ತಿದ್ದುಪಡಿಯನ್ನು ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸಿದೆ. ಅವರೂ ಒಮ್ಮೆಲೇ ನಂಬಲಿಲ್ಲ. ಬೇರೆಯವರ ಚಾನೆಲ್ ಕೆಡುವುದಿಲ್ಲ ಅನ್ನುವುದಕ್ಕೆ ಪುರಾವೆ ಕೇಳಿದರು. ಕಿರಿದು, ಅಗಲ ಎರಡೂ ಬಗೆಯ ಚಾನೆಲ್‌ಗಳ ಅಳತೆ ಕಳಿಸಿದ ಮೇಲೆ ಸೇರಿಸಿಕೊಂಡರು. ಇಷ್ಟಾದರೂ ಭಾವ ಅಂಗಡಿಗೆ ಹೊರಡುವಾಗ ಒಮ್ಮೆ ಆ ಪತ್ರಾದ ಕಡೆ ನೋಡಿಯೇ ಹೋಗುತ್ತಾರಂತೆ.