ಅಲಾರಂ ಕೇಳಲು ಬಂದವರು

ಜೋಗೇಶ್ವರಿಯಲ್ಲಿ ನಾನು ಕೆಲಸ ಮಾಡುವ ಪುಟ್ಟ ಕಾರ್ಖಾನೆಯಲ್ಲಿ ಕಲ್ಲಿದ್ದಲು ಗಣಿಗಳಿಗೆ ಗ್ಯಾಸ್ ಅಲಾರಂ ತಯಾರಾಗುತ್ತದೆ. ಒಂದು ಮಧ್ಯಾಹ್ನ ಚೆಂಬೂರಿನಿಂದ ಉಡುಪಿ ಕಡೆಯ ಹೆಂಗಸೊಬ್ಬರು ಬಂದರು. ಉತ್ತರದ ಗಣಿಯೊಂದರಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದ ಅವರ ಗಂಡ ವಿಷಗಾಳಿಗೆ ಸಿಕ್ಕಿ ಒಳಗೇ ತೀರಿಕೊಂಡಿದ್ದರಂತೆ.

“ಆ ಗಣಿಯಲ್ಲಿದ್ದದ್ದು ನಿಮ್ಮದೇ ಅಲಾರಂ ಅಂತೆ. ಅದರ ಸದ್ದು ಒಮ್ಮೆ ಕೇಳ್ಬೇಕಿತ್ತು,” ಎಂದರು.

“ಯಾಕಕ್ಕಾ, ಸುಮ್ಮನೆ ಸಂಕಟ,” ಎಂದೆ.

“ಅಲಾರಂ ಹೊಡೆದಿದೆ, ಅವರೇ ಓಡ್ಲಿಲ್ಲ ಅಂತ ಗಣಿಯವರು ಹೇಳ್ತಾರೆ. ಕುಕ್ಕರ್ ಸೀಟಿ ಹೊಡೆದ್ರೂ ಬೆಚ್ಚಿ ಬೀಳುವ ಜನ ಅವರು, ಮಾರಾಯ್ರೆ.”

ಗುಂಡಿ ಒತ್ತಿದೆ. ನಾವೆಲ್ಲ ಕಿವಿ ಮುಚ್ಚಿಕೊಂಡೆವು, ಅವರು ಮುಚ್ಚಲಿಲ್ಲ. ಪಕ್ಕದ ವರ್ಕ್‌ಶಾಪಿನಿಂದ ಇಬ್ಬರು “ಆಗ್ ಲಗೀ ಕ್ಯಾ?” ಎನ್ನುತ್ತ, ಬೆಂಕಿಯೇ ಬಿದ್ದಿತೆಂದುಕೊಂಡು ಓಡಿ ಬಂದರು.

ಅವರತ್ತ ನೋಡಿ ಆಕೆ, “ಗೋಡೆಯಾಚೆಯವರೇ ಓಡಿ ಬಂದ್ರಲ್ಲ. ಹಾಗಾದ್ರೆ ಅಲ್ಲಿ ಅದು ಹೊಡೆದೇ ಇಲ್ಲ,” ಎಂದರು.

ಆ ಗಣಿಯನ್ನು ನಾನು ನೋಡಿದವನಲ್ಲ.

“ಇನ್ನೊಮ್ಮೆ ಹೊಡೆಸಿ,” ಎಂದರು.

ಮತ್ತೆ ಸದ್ದಾದರೆ ಪೊಲೀಸರಿಗೆ ಹೇಳುತ್ತೇವೆಂದು ಪಕ್ಕದವರು ಗದರಿದರು. ಹೇಳಲಿ, ಈ ಸದ್ದು ಕೇಳಿಸಿತೆಂದು ಹೇಳುವವರು ಯಾರಾದರೂ ಇರಲಿ ಎಂದುಕೊಂಡು ಮತ್ತೆ ಒತ್ತಿದೆ.